ನೀರು ಹಾಕದ ಬಾಗಿಲು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೊಯಮತ್ತೂರಿನ ಈ ಮೋಟಾರು ಕಾರ್ಖಾನೆಯ ಬೀದಿಯಲ್ಲಿ ಮನೆಮನೆಯ ಮುಂದೆ ಚೊಂಬಿನ ನೀರು ಬೀಳುವ ಸದ್ದು. ಕಾರ್ಖಾನೆಯ ಹಿಂದಿನ ಕೋಣೆಯ ಮುಂದೆ ಮಾತ್ರ ಸುಂದರಮ್ಮ ಒಣ ನೆಲವನ್ನೇ ಗುಡಿಸಿ, ಒಣ ನೆಲದ ಮೇಲೆಯೇ ರಂಗೋಲಿ ಎಳೆಯುತ್ತಾರೆ. ಅರ್ಧ ಎಳೆಯನ್ನು ಗಾಳಿ ಒಯ್ಯುತ್ತದೆ. ಅವರು ಮತ್ತೆ ಎಳೆಯುತ್ತಾರೆ.

“ನೀರ್ ತೆಳಿಕ್ಕದ ವಾಸಲು, ನೀರ್ ಹಾಕದ ಬಾಗ್ಲು, ಸಾವಾದ ಮನೇದು ಅಂತಾರೆ ನಮ್ ಜನ. ಮೊದಲು ಮನಸ್ಸು ಒಪ್ಪಲಿಲ್ಲ ಸಾರ್,” ಎಂದು ಇಲ್ಲಿನ ಕೆಲಸ ನೋಡಲು ಬಂದ ನನಗೆ ತಮ್ಮ ಮನೆಮಾತಾದ ಕನ್ನಡದಲ್ಲೇ ಹೇಳುತ್ತಾರೆ.

ಒಳಗಿರುವುದು ಸೀರಿಯಂ ಹೈಡ್ರೈಡ್. ಅಪರೂಪದ ಲೋಹವೊಂದು ಹೈಡ್ರೋಜನ್ ನುಂಗಿ ಆಗುವ ಕರಿ ಪುಡಿ. ಕಾಯಿಸಿದರೆ ನುಂಗಿದ್ದನ್ನು ಬಿಟ್ಟುಕೊಡುತ್ತದೆ. ಆ ಶುದ್ಧ ಅನಿಲದಲ್ಲಿ ಸಣ್ಣ ಬಿಡಿಭಾಗಗಳನ್ನು ಕಪ್ಪಾಗದಂತೆ ಬೆಸೆಯುವ ಪ್ರಯೋಗ ಇಲ್ಲಿ ನಡೆದಿದೆ. ತೇವದ ಗಾಳಿ ತಗುಲಿದರೂ ಪುಡಿ ಬಿಸಿಯೇರುತ್ತದೆ, ನೀರು ಬಿದ್ದರೆ ಹೊತ್ತಿಕೊಳ್ಳುತ್ತದೆ, ಅದಕ್ಕೇ ಎಣ್ಣೆಯಲ್ಲಿ ಮುಳುಗಿಸಿಟ್ಟಿರುತ್ತಾರೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಎಂದು ನಾವು ನಗುತ್ತೇವೆ. ಇಲ್ಲಿ ತುಂಬಿದ ಬಾವಿ ಪಕ್ಕದಲ್ಲೇ ಇದ್ದರೂ ಕೆಡುಕೇ. ಒಣ ಮರಳೊಂದೇ ಗತಿ.

ಕೆಲಸಕ್ಕೆ ಸೇರಿದ ಮೊದಲ ಶುಕ್ರವಾರ ಸುಂದರಮ್ಮ ಮಂಗಳವಾಗಲೆಂದು ಬಾಗಿಲಿಗೆ ನೀರು ಎರಚಿದರು. ಅದು ಪಕ್ಕದಲ್ಲಿ ತೆರೆದಿದ್ದ ಉಳಿಕೆ ಪುಡಿಯ ಡಬ್ಬಿಗೂ ಬಿತ್ತು. ಹೊಗೆ ಕಂಡು ಗಾಬರಿಯಾಗಿ ಇನ್ನೊಂದು ಚೊಂಬು ಸುರಿದರು. ಭಗ್ಗೆಂದಿತು. ರಸಾಯನ ನೋಡಿಕೊಳ್ಳುವ ವ್ಯಾಸರಾಯರು ಓಡಿಬಂದು ಮರಳು ಮುಚ್ಚುವಷ್ಟರಲ್ಲಿ ಸುಂದರಮ್ಮನವರ ಎಡಗೈ ಬೆಂದಿತ್ತು.

“ಬೆಂಕಿಗೆ ನೀರು ಹಾಕೋದು ತಪ್ಪು ಅಂತ ಯಾರ್ಗೆ ತೋಚ್ತದೆ?” ಎಂದು ಸುಂದರಮ್ಮ ಕೇಳುತ್ತಾರೆ.

ಕಾರ್ಖಾನೆಯ ಒಡೆಯ, ಮೊದಲಾಳಿ ಚೆನ್ನಿಯಪ್ಪನ್ ಆ ದಿನವೇ ಅವರನ್ನು ಕೆಲಸದಿಂದ ಬಿಡಿಸಲು ಹೊರಟಿದ್ದರು. ವ್ಯಾಸರಾಯರು ಬೇಡಿಕೊಂಡದ್ದರಿಂದ ಒಂದು ತಿಂಗಳ ಗಡುವು ಸಿಕ್ಕಿತು. ಅದು ಇವತ್ತಿಗೆ ಮುಗಿಯುತ್ತದೆ. ಸುಂದರಮ್ಮನ ಗಂಡನ ಕಣ್ಣು ಮಂಜಾಗಿ, ತಮ್ಮೂರು ಕರುಮತ್ತಂಪಟ್ಟಿಯಲ್ಲಿ ಮನೆಯ ಮಗ್ಗ ನಿಂತ ಮೇಲೆ ಮನೆಯವರ ಗಂಜಿ ಈ ಕೆಲಸದಿಂದಲೇ.

ಮೊದಲಾಳಿ ಬರುತ್ತಾರೆ. ಮುಚ್ಚಿದ ಡಬ್ಬಿ, ತುಂಬಿದ ಮರಳಿನ ಬಕೆಟ್ಟು, ಮೂಲೆಮೂಲೆಯ ಒಣ ನೆಲ ಎಲ್ಲವನ್ನೂ ನೋಡುತ್ತಾರೆ. ಸುಂದರಮ್ಮ ಸೆರಗಿನ ತುದಿ ಹಿಡಿದು ನಿಂತಿದ್ದಾರೆ.

“ಸರಿ, ಕೆಲಸದಲ್ಲೇ ಇರುಮ್ಮಾ.”

ಸುಂದರಮ್ಮ ಕೈಮುಗಿಯುತ್ತಾರೆ, ಆದರೆ ಅಲ್ಲಿಂದ ಕದಲುವುದಿಲ್ಲ. ತಮಿಳಿನಲ್ಲಿ ಮೆಲ್ಲಗೆ ಏನೋ ಕೇಳುತ್ತಾರೆ. ಮೊದಲಾಳಿ ತಲೆ ತಗ್ಗಿಸುತ್ತಾರೆ. ಏನು ಕೇಳಿದಿರಿ ಎಂದರೆ ನನಗೆ ಕನ್ನಡದಲ್ಲಿ ಹೇಳುತ್ತಾರೆ:

“ನಾಳೆ ಇನ್ನೊಬ್ಬಳು ಈ ಕೆಲಸಕ್ಕೆ ಬಂದ್ರೆ ಮೊದಲ್ನೇ ದಿನಾನೇ ಎಲ್ಲಾ ಹೇಳ್ಬಿಡಿ ಅಂದೆ. ನನಗೆ ಕೈ ಬೆಂದ್ಮೇಲೆ ಹೇಳಿದ್ರು.”