ತೊದಲಿಗೂ ಮೊದಲು ಕೈಮಾತು: ಹೆಬ್ಬೂರಿನ ದೊಡ್ಡಗಂಗಮ್ಮ

ಬೆಳಗಿನ ಆರೂಕಾಲು. ಹೆಬ್ಬೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಗಾರ್ಮೆಂಟ್ಸ್ ವ್ಯಾನಿನ ಹಾರ್ನ್ ಕೇಳಿಸುವ ಹೊತ್ತಿಗೆ ದೊಡ್ಡಗಂಗಮ್ಮನವರ ನಡುಮನೆಯಲ್ಲಿ ಚಾಪೆ ಹಾಸಿಯಾಗಿದೆ. ತಾಯಂದಿರು ಒಬ್ಬೊಬ್ಬರಾಗಿ ಬಂದು ಅರೆನಿದ್ದೆಯ ಕೂಸುಗಳನ್ನು ಅವರ ತೋಳಿಗಿಟ್ಟು ವ್ಯಾನಿನತ್ತ ಓಡುತ್ತಾರೆ. ಒಂಬತ್ತು ತಿಂಗಳ ಹೆಣ್ಣುಮಗುವೊಂದು ಅಳಲು ಬಾಯಿ ತೆರೆಯುತ್ತದೆ. ಏನೋ ನೆನಪಾದಂತೆ ಅಲ್ಲಿಗೇ ನಿಲ್ಲಿಸಿ, ಬಲಗೈ ಮುಷ್ಟಿಯನ್ನು ಎರಡು ಸಲ ಹಿಂಡಿ ತೋರಿಸುತ್ತದೆ.

"ಹಾಲಾ? ಹಾಲು ಬೇಕಾ ನನ್ ಕಂದಂಗೆ?" ಎನ್ನುತ್ತಾ ದೊಡ್ಡಗಂಗಮ್ಮನೂ ಮುಷ್ಟಿ ಹಿಂಡುತ್ತಾರೆ. ಒಳಗಿನಿಂದ ಲೋಟ, ಚಮಚ ಬರುತ್ತವೆ. ಬರಬೇಕಿದ್ದ ಅಳು ಬರುವುದೇ ಇಲ್ಲ.

ಐವತ್ನಾಲ್ಕರ ಈ ಹೆಂಗಸಿನ ಮಡಿಲಲ್ಲಿ ದಿನಕ್ಕೆ ಒಂಬತ್ತು ಕೂಸುಗಳು. ಚಿಕ್ಕದಕ್ಕೆ ಏಳು ತಿಂಗಳು, ದೊಡ್ಡದಕ್ಕೆ ಎರಡೂವರೆ ವರ್ಷ. ರಾಗಿ ಸರಿ ಕಾಯಿಸುವುದು ಮೂರು ಸಲ, ಒದ್ದೆ ಬಟ್ಟೆ ಬದಲಿಸುವುದು ಇಪ್ಪತ್ತೈದಕ್ಕೆ ಕಡಿಮೆಯಿಲ್ಲ. ಇದರ ನಡುವೆಯೇ ಪಾಠ. ಹಾಲು, ನೀರು, ಇನ್ನೂ ಬೇಕು, ಸಾಕು, ನೋವು, ನಿದ್ದೆ ಮುಂತಾಗಿ ಒಟ್ಟು ಹನ್ನೆರಡು ಸನ್ನೆ. ಕೈ ಆಡಿದಾಗಲೆಲ್ಲ ಬಾಯಿಯೂ ಆ ಪದವನ್ನು ಹೇಳಲೇಬೇಕು ಎನ್ನುವುದು ಅವರ ಕಟ್ಟುನಿಟ್ಟು.

"ನಾಲ್ಗೆ ತಿರುಗೋಕೆ ವರ್ಷ ಆಗ್ತದೆ. ಕೈ ಎಂಟ್ ತಿಂಗ್ಳಿಗೇ ತಿರುಗ್ತದೆ. ಅಲ್ಲೀಗಂಟ ಅವು ಅಳ್ತಾ ಕಾಯ್ಬೇಕಾ?" ಎಂದು ಅವರು ಕೇಳುತ್ತಾರೆ.

ಅವರು ಓದಿದ್ದು ನಾಲ್ಕನೇ ಕ್ಲಾಸು. ಸನ್ನೆ ಕಲಿತದ್ದು ತುಮಕೂರಿನ ಕಿವುಡು ಮಕ್ಕಳ ವಸತಿ ಶಾಲೆಯೊಂದರ ಅಡುಗೆಮನೆಯಲ್ಲಿ. ಹದಿನಾರು ವರ್ಷ ಅಲ್ಲಿ ಮುದ್ದೆ ಕಟ್ಟಿದ್ದಾರೆ. "ಮೊದಮೊದ್ಲು ಸುಮ್ನೆ ಬಡಿಸ್ಕೊಂಡು ಹೋಗ್ತಿದ್ದೆ. ಒಂದು ಹುಡ್ಗಿ ದಿನಾ ಸಾರು ಬಿಡೋಳು. ಖಾರ ಜಾಸ್ತಿ ಅಂತ ಹೇಳ್ತಿದ್ಲಂತೆ, ನಂಗೇ ಅರ್ಥ ಆಗ್ತಿರ್ಲಿಲ್ಲ. ನಾಚ್ಕೆ ಆಯ್ತು. ಆ ಮಕ್ಳ ಹತ್ರಾನೇ ಕೂತು ಕಲಿತೆ."

ಸೊಂಟ ನೋವು ಹೆಚ್ಚಾಗಿ ಆ ಕೆಲಸ ಬಿಟ್ಟಾಗ, ಮಗಳು ಅರುಣಾ ತನ್ನ ಆರು ತಿಂಗಳ ಕೂಸನ್ನು ತಾಯಿಯ ಬಳಿ ಬಿಟ್ಟು ಗಾರ್ಮೆಂಟ್ಸಿಗೆ ಹೊರಟಳು. ಅಭ್ಯಾಸಬಲದಿಂದ ದೊಡ್ಡಗಂಗಮ್ಮ ಮೊಮ್ಮಗಳೊಂದಿಗೂ ಕೈಯಾಡಿಸುತ್ತಲೇ ಮಾತಾಡಿದರು. ಎರಡು ತಿಂಗಳಾದ ಮೇಲೆ ಒಂದು ದಿನ ಕೂಸು ಬಟ್ಟಲಿನತ್ತ ನೋಡಿ, ಎರಡೂ ಕೈಯ ಬೆರಳ ತುದಿಗಳನ್ನು ಸೇರಿಸಿತು. ಇನ್ನೂ ಬೇಕು. ಅರುಣಾಳ ಜೊತೆಯವರು ಅದನ್ನು ನೋಡಿ ತಮ್ಮ ಕೂಸುಗಳನ್ನೂ ತಂದು ಬಿಡತೊಡಗಿದರು.

ಹಾಗೆ ಬಂದವನು ಕೋಮಲಾಳ ಮಗ ಅಂಜನ್. ಹನ್ನೊಂದು ತಿಂಗಳಿಗೇ ಹನ್ನೆರಡೂ ಸನ್ನೆ ಅವನ ಕೈಯಲ್ಲಿದ್ದವು. ದೊಡ್ಡಗಂಗಮ್ಮನಿಗೆ ಹೆಮ್ಮೆ. ಆದರೆ ಒಂದು ಮಧ್ಯಾಹ್ನ ಕುಕ್ಕರ್ ಕೂಗಿದಾಗ ಎಂಟು ಮಕ್ಕಳು ಬೆಚ್ಚಿದವು, ಅವನೊಬ್ಬ ಬೆಚ್ಚಲಿಲ್ಲ. ಮೂರು ದಿನ ಅವರು ಅವನ ಬೆನ್ನ ಹಿಂದೆ ಸ್ಟೀಲ್ ತಟ್ಟೆ ಬೀಳಿಸಿ ನೋಡಿದರು. ನಾಲ್ಕನೇ ದಿನ ಕೋಮಲಾಳನ್ನು ಪಕ್ಕಕ್ಕೆ ಕರೆದು, "ತುಮ್ಕೂರಿಗೆ ಕರ್ಕೊಂಡೋಗಿ ಕಿವಿ ತೋರ್ಸವ್ವ" ಎಂದರು.

ಮಾರನೆಯ ಬೆಳಿಗ್ಗೆ ಬಾಗಿಲಿಗೆ ಬಂದವರು ಕೋಮಲಾಳ ಅತ್ತೆ ಪುಟ್ಟಗಂಗಮ್ಮ. ವ್ಯಾನಿಗೆ ಕಾಯುತ್ತಿದ್ದ ಹೆಂಗಸರೆಲ್ಲರ ಎದುರಿಗೇ, "ಕೈಯಾಡ್ಸೋದು ಕಲ್ಸಿ ಕಲ್ಸಿ ನನ್ ಮೊಮ್ಮಗನ್ನ ಮೂಗನ್ನ ಮಾಡ್ಬುಟ್ಟೆ" ಎಂದರು. ಅಂಜನ್‌ನನ್ನು ಎತ್ತಿಕೊಂಡು ಹೋದರು. ಹದಿನೈದು ದಿನದಲ್ಲಿ ಚಾಪೆಯ ಮೇಲೆ ಉಳಿದದ್ದು ಎರಡೇ ಕೂಸು. ಅದರಲ್ಲೊಂದು ಸ್ವಂತ ಮೊಮ್ಮಗಳು.

"ಜನ ಅಂದಿದ್ದಕ್ಕಲ್ಲ, ನಂಗೇ ಒಳಗೊಳಗೆ ಹೆದ್ರಿಕೆ ಆಯ್ತು. ನಾಲ್ಕನೇ ಕ್ಲಾಸ್ ಓದಿರೋಳು ನಾನು. ನಿಜ್ವಾಗ್ಲೂ ನನ್ನಿಂದಾನೇ ಆಗಿದ್ರೆ? ಮೊಮ್ಮಗಳು ಹಾಲು ಅಂತ ಕೈ ತೋರ್ಸಿದ್ರೆ ಮುಖ ತಿರುಗಿಸ್ಕೋತಿದ್ದೆ." ಇಷ್ಟು ಹೇಳಿ ಅವರು ಮಡಚಿಟ್ಟ ಬಟ್ಟೆಗಳನ್ನು ಮತ್ತೆ ಬಿಚ್ಚಿ ಮಡಚುತ್ತಾರೆ.

ಕೋಮಲಾ ಅತ್ತೆಗೆ ಎದುರಾಡಲಿಲ್ಲ. ಆದರೆ ಮೂರನೇ ವಾರ ರಜೆ ಹಾಕಿ, ಅತ್ತೆಯನ್ನೂ ಜೊತೆಗೆ ಕರೆದುಕೊಂಡು ತುಮಕೂರಿನ ಬಸ್ ಹತ್ತಿದಳು. ಆಸ್ಪತ್ರೆಯಲ್ಲಿ ನಿದ್ದೆ ಬರಿಸಿ, ತಲೆಗೆ ವೈರ್ ಅಂಟಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿಗೆ ಹುಟ್ಟಿನಿಂದಲೇ ಕೇಳಿಸುತ್ತಿರಲಿಲ್ಲ. ಅಷ್ಟರಲ್ಲಿ ಎಚ್ಚರಗೊಂಡ ಅಂಜನ್ ಹೆಬ್ಬೆರಳನ್ನು ಬಾಯಿಗೆ ತೋರಿಸಿ ನೀರು ಕೇಳಿದ. ಪರೀಕ್ಷೆ ಮಾಡಿದ ನಂದಿತಾ ಮೇಡಂ ಬರೆಯುವುದನ್ನು ನಿಲ್ಲಿಸಿ ಕೇಳಿದರು: "ಇದನ್ನ ಯಾರು ಕಲ್ಸಿದ್ದು?"

ಪುಟ್ಟಗಂಗಮ್ಮ ದೂರು ಹೇಳಲೆಂದೇ ಬಾಯಿ ತೆರೆದಿದ್ದರಂತೆ. ಮೇಡಂ ಅದಕ್ಕೆ ಅವಕಾಶ ಕೊಡಲಿಲ್ಲ. "ಅವ್ರಿಂದ ಕಿವಿ ಹೋಗಿಲ್ಲಮ್ಮ. ಅವ್ರಿಂದ ಗೊತ್ತಾಗಿದೆ. ಎಷ್ಟೋ ಮಕ್ಳು ಮೂರು ವರ್ಷ ದಾಟಿದ್ಮೇಲೆ ಬರ್ತವೆ, ಒಂದು ಪದಾನೂ ಇಲ್ದೆ. ಇವ್ನಿಗೆ ಆಗ್ಲೇ ಹನ್ನೆರಡಿದೆ. ಕಲ್ಸೋದನ್ನ ನಿಲ್ಲಿಸ್ಬೇಡಿ."

ಎರಡು ದಿನ ಬಿಟ್ಟು ಪುಟ್ಟಗಂಗಮ್ಮ ಮೊಮ್ಮಗನನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ತಪ್ಪಾಯಿತು ಎನ್ನಲಿಲ್ಲ. ಜಗುಲಿಯ ಮೇಲೆ ಕೂತು, "ಅಜ್ಜಿ ಅನ್ನೋಕೆ ಹೆಂಗ್ ಮಾಡ್ಬೇಕು?" ಎಂದು ಕೇಳಿದರು.

ಕಿವುಡರು ಒಬ್ಬೊಬ್ಬರನ್ನು ಅವರವರ ಗುರುತಿನಿಂದ ಕರೆಯುತ್ತಾರೆ ಎಂದು ದೊಡ್ಡಗಂಗಮ್ಮ ಹೇಳಿಕೊಟ್ಟರು. ಪುಟ್ಟಗಂಗಮ್ಮನ ಮೂಗುಬೊಟ್ಟು ದೊಡ್ಡದು. ಮಗುವಿನ ಬೆರಳನ್ನು ಅವನ ಮೂಗಿನ ಹೊರಳೆಗೆ ಮುಟ್ಟಿಸಿ, ಅಜ್ಜಿಯನ್ನು ತೋರಿಸಿದರು. ವಾರದೊಳಗೆ ಅಂಜನ್ ಅಜ್ಜಿಯನ್ನು ಓಣಿಯ ತುದಿಯಲ್ಲಿ ಕಂಡರೂ ಮೂಗು ಮುಟ್ಟಿಕೊಳ್ಳತೊಡಗಿದ.

ಈಗ ಅವನಿಗೆ ಎರಡೂವರೆ ವರ್ಷ. ಕಿವಿಗೆ ಮೆಷಿನ್ ಬಂದಿದೆ. ಒಂದೆರಡು ಮಾತನ್ನು ಒಡಕಾಗಿ ಆಡುತ್ತಾನೆ. ಸನ್ನೆಗಳಂತೂ ನೂರು ದಾಟಿವೆ. ಬಿಟ್ಟುಹೋದ ತಾಯಂದಿರು ತಾವಾಗಿಯೇ ಹಿಂತಿರುಗಿದ್ದಾರೆ. ಅರಳು ಹುರಿದಂತೆ ಮಾತಾಡುವ ಮಕ್ಕಳೂ ಅಂಜನ್ ಎದುರಿಗೆ ಬಂದಾಗ ಕೈ ಎತ್ತುತ್ತವೆ. ಯಾರೂ ಹಾಗೆ ಮಾಡಿರೆಂದು ಅವಕ್ಕೆ ಹೇಳಿಲ್ಲ.

ನಿಮಗೇನು ಬೇಕು ಎಂದು ಕೇಳಿದರೆ ದೊಡ್ಡಗಂಗಮ್ಮ ಬೋರ್ಡು, ಸನ್ಮಾನ ಯಾವುದನ್ನೂ ಹೇಳುವುದಿಲ್ಲ. ರಾಗಿ ಸರಿಯ ಬಟ್ಟಲು ಬಳಿಯುತ್ತಾ ಅಂಜನ್‌ನತ್ತ ನೋಡುತ್ತಾರೆ.

"ಇನ್ ಮೂರ್ ವರ್ಷಕ್ಕೆ ಇವ್ನು ಸ್ಕೂಲಿಗೋಗ್ತಾನೆ. ಒಂದ್ನೇ ಕ್ಲಾಸಿನ ಮೇಷ್ಟ್ರು ಹತ್ತು ಸನ್ನೆ ಕಲ್ತಿದ್ರೆ ಸಾಕು. ಮಿಕ್ಕಿದ್ದು ಇವ್ನೇ ಕಲಿಸ್ತಾನೆ."