ಮಡೆಪ್ಪ ಪಾಟೀಲರ ಹಿತ್ತಾಳೆ ದುರ್ಬೀನು

ಭಾಲ್ಕಿಯ ಮಡೆಪ್ಪ ಪಾಟೀಲರಿಗೆ ಚಾಂದಮಾರಿಯ ಹುಚ್ಚು. ಹೊಲದಾಚೆ ಸುಣ್ಣ ಬಳಿದ ಹಲಗೆ ನಿಲ್ಲಿಸಿ, ನಡುವೆ ಕರಿ ಬೊಟ್ಟು ಇಟ್ಟು, ದೂರದಿಂದ ಬಂದೂಕು ಹಾರಿಸುವುದು. ಜೊತೆಗೆ ಪೊಲೀಸ್ ನಾಕಾದ ಜಮಾದಾರ ಮಹಮ್ಮದ ಇಸ್ಮಾಯಿಲ. ನಿಜಾಮ ಸರಕಾರದ ಮನುಷ್ಯ ತಮ್ಮ ಪಕ್ಕ ಮಂಡಿಯೂರುತ್ತಾನೆಂಬುದೇ ಪಾಟೀಲರಿಗೆ ಅರ್ಧ ಗುರಿ ಹೊಡೆದಂತೆ. ಉಳಿದರ್ಧ ಹೊಡೆದದ್ದನ್ನು ಯಾರೂ ಕಂಡಿರಲಿಲ್ಲ. ಗುಂಡು ಎಲ್ಲಿ ಬಿತ್ತೆಂದು ತಿಳಿಯಲು ಪ್ರತಿ ಸಲ ಹಲಗೆಯವರೆಗೆ ನಡೆಯಬೇಕಿತ್ತು. ಪಾಟೀಲರದು ನಡೆಯುವ ಮೈಯಲ್ಲ.

ಹಾಗಾಗಿ ದುರ್ಬೀನು ಕೊಳ್ಳಲು ಬೀದರಿಗೆ ಹೋದರು. ಅಂಗಡಿಯ ಫಕ್ರೋದ್ದೀನ ಎರಡು ತೆಗೆದಿಟ್ಟ. ಒಂದು ಗೇಣುದ್ದದ ಕಪ್ಪು ದುರ್ಬೀನು, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರುವಂಥದ್ದು. ಇನ್ನೊಂದು ಹಿತ್ತಾಳೆಯದು, ಎಳೆದಷ್ಟೂ ಉದ್ದವಾಗುವಂಥದ್ದು. ಪಾಟೀಲರು ಬಾಗಿಲಲ್ಲಿ ನಿಂತು ಚೌಬಾರದ ಗೋಪುರದತ್ತ ಹಿಡಿದರು. ಕಪ್ಪಿನದರಲ್ಲಿ ಮೇಲೆ ಕೂತ ಪಾರಿವಾಳದ ಕೊಕ್ಕು ಸಹ ಕಂಡಿತು. ಹಿತ್ತಾಳೆಯದರಲ್ಲಿ ಅದೇ ಪಾರಿವಾಳ ಕೋಳಿಯಷ್ಟಾಯಿತು. ಸುತ್ತ ಕಾಮನಬಿಲ್ಲಿನ ಅಂಚು, ನಡುವೆ ಮಂಜು.

"ಸಣ್ಣದು ತೊಗೋರಿ, ಪಾಟೀಲ ಸಾಹೇಬ್ರ," ಎಂದ ಫಕ್ರೋದ್ದೀನ. "ಇದರ ಗಾಜು ಸಾಫ ಅದ. ಗುಂಡಿನ ತೂತು ದೊಡ್ಡದು ಕಂಡ್ರ ಸಾಲಂಗಿಲ್ರಿ, ಚೊಕ್ಕ ಕಾಣಬೇಕು. ಸ್ಟ್ಯಾಂಡ್ ಇಲ್ದಿದ್ರ ಕೈ ನಡಗ್ತದ."

"ನನ್ನ ಕೈ ನಡಗ್ತದೇನು ಮಿಯಾ? ಗೇಣುದ್ದದ್ದು ಹಿಡ್ಕೊಂಡು ಹೋದ್ರ ಮಂದಿ ಏನಂದಾರು!"

ಹಿತ್ತಾಳೆಯದೇ ಭಾಲ್ಕಿಗೆ ಬಂತು. ಅಂದಿನಿಂದ ಪಾಟೀಲರ ಗುಂಡು ತಪ್ಪಿದ್ದೇ ಇಲ್ಲ. ಆ ಮಂಜಿನಲ್ಲಿ ಬೇಕೆಂದ ಕಡೆ ತೂತು ಕಾಣುತ್ತಿತ್ತು. ಜಮಾದಾರನೂ ಇಣುಕಿ "ವಾಹ್!" ಅನ್ನುತ್ತಿದ್ದ, ಊಟ ಪಾಟೀಲರ ಮನೆಯಲ್ಲೇ ಇರುತ್ತಿತ್ತಲ್ಲ.

1948ರ ಸೆಪ್ಟೆಂಬರಿನಲ್ಲಿ ನಿಜಾಮನ ವಿರುದ್ಧ ಭಾರತ ಸರಕಾರದ ಪೊಲೀಸ್ ಕಾರ್ಯಾಚರಣೆ ಶುರುವಾಯಿತು. ಭಾರತದ ಫೌಜು ಗಡಿ ದಾಟಿದೆ, ಯಾವ ಹಾದಿಯಿಂದ ಬರುತ್ತದೋ ಗೊತ್ತಿಲ್ಲ ಎಂಬ ಸುದ್ದಿ. ಜಮಾದಾರ ಓಡಿಬಂದು ದುರ್ಬೀನಿನ ಸಮೇತ ಪಾಟೀಲರನ್ನು ಮಾಳಿಗೆ ಹತ್ತಿಸಿದ.

"ಏನ್ ಕಾಣ್ತದ್ರಿ?"

ಹಲಬರ್ಗಾದ ಹಾದಿಯಲ್ಲಿ ಕರ್ರಗೆ ಏನೋ ಸಾಲಾಗಿ ಬರುತ್ತಿತ್ತು. ಪಾಟೀಲರ ಕೈ ಗಡಗಡ ನಡುಗಿ, ಕಂಡದ್ದೆಲ್ಲ ಕುಣಿಯಿತು. "ಟ್ಯಾಂಕು! ಒಂದೊಂದೂ ಆನಿಯಷ್ಟು ಅದ. ಓಡು ಇಸ್ಮಾಯಿಲ, ಜೀವ ಉಳಿಸ್ಕೋ!"

ಜಮಾದಾರ, ಅವನ ಸಿಪಾಯಿಗಳು ಒಲೆಯ ಮೇಲಿನ ಅನ್ನ ಅಲ್ಲೇ ಬಿಟ್ಟು ಔರಾದದ ದಾರಿ ಹಿಡಿದರು. ಪಾಟೀಲರು ಕಣಜದ ಹಿಂದೆ ಅಡಗಿದರು. ಸ್ವಲ್ಪ ಹೊತ್ತಿಗೆ, ಮೇಯಲು ಹೋಗಿದ್ದ ಎಮ್ಮೆಗಳು ಊರೊಳಗೆ ಬಂದವು.

"ಹೊರಗ ಬರ್ರಿ," ಎಂದು ಹೆಂಡತಿ ಅನುಸೂಯಾಬಾಯಿ ಕೂಗಿದಳು. "ನಿಮ್ಮ ಟ್ಯಾಂಕು ಹಾಲು ಕೊಡ್ಲಿಕ್ಕ ನಿಂತಾವ."

ನಿಜವಾದ ಫೌಜು ಆಮೇಲೆ ಬಂತು. ನಾಕಾ ಖಾಲಿ ಬಿದ್ದಿದ್ದನ್ನು ಕಂಡ ಅಧಿಕಾರಿ, ಅವರನ್ನು ಓಡಿಸಿದ್ದು ಯಾರೆಂದು ಕೇಳಿದ. ಊರವರು ಪಾಟೀಲರ ಹೆಸರು ಹೇಳಿದರು, ಅದರಲ್ಲಿ ಸುಳ್ಳೇನಿರಲಿಲ್ಲ. ಸಭೆ ಸೇರಿತು, ಕೊರಳಿಗೆ ಹಾರ ಬಿತ್ತು. ಗೆಳೆಯ ಬದುಕಲೆಂದು ಕೂಗಿದ್ದರ ಬಗ್ಗೆ ಪಾಟೀಲರು ಬಾಯಿ ಬಿಡಲಿಲ್ಲ.

"ಆ ಜಮಾದಾರನ ಮ್ಯಾಲ ನಾ ಮೊದಲಿಂದ ಕಣ್ಣಿಟ್ಟೇ ಇದ್ದೆ," ಎಂದರು.

ಜನ ಚಪ್ಪಾಳೆ ತಟ್ಟಿದರು. ಹೆಂಗಸರ ಸಾಲಿನಲ್ಲಿದ್ದ ಅನುಸೂಯಾಬಾಯಿ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದುಹೋದಳು.