ಪೇರಳೆಗೆ ನೀರು ನಿಲ್ಲಿಸಿದ ತಿಂಗಳು

ವಡೋದರದ ಮಂಜಲ್‌ಪುರದಲ್ಲಿ ನಮ್ಮ ಮನೆಯ ಹಿಂದೆ ಒಂದು ಪೇರಳೆ ಮರವಿತ್ತು. ಪ್ರತಿ ಮೇ ತಿಂಗಳು ಅಪ್ಪ ಅದರ ಬುಡದ ಮಣ್ಣು ಬಿಡಿಸಿ ನೀರು ಕೊಡುವುದನ್ನೇ ನಿಲ್ಲಿಸುತ್ತಿದ್ದರು. ಎಲೆ ಉದುರಿದ ಮೇಲೆ ಗೊಬ್ಬರ ಹಾಕಿ ನೀರು ಕೊಟ್ಟರೆ ಮರ ಮೈತುಂಬ ಹೂ ಬಿಡುತ್ತಿತ್ತು. ಪಾಪ ಅನ್ನಿಸಿ ನಾನು ಚೆಂಬು ಹಿಡಿದರೆ, "ಬಾಯಾರಿದ್ರೆ ಸಾಯುದಿಲ್ಲ ಮಾರಾಯ" ಎನ್ನುತ್ತಿದ್ದರು.

ಅವರ ಕಿಡ್ನಿ ಕೆಟ್ಟ ವರ್ಷವೂ ಮರಕ್ಕೆ ನೀರು ನಿಲ್ಲಿಸಿದರು. ಅವರಿಗೂ ದಿನಕ್ಕೆ ಎರಡೇ ಲೋಟ ಎಂದರು ಡಾಕ್ಟರು. ಕಾವಲು ಕೂತವನು ನಾನು.

ಒಂದು ಮಧ್ಯಾಹ್ನ ಅಪ್ಪ, "ಒಂದು ಗುಟುಕು ಕೊಡು ಮಗಾ" ಎಂದು ಬೇಡಿದರು.

"ಬಾಯಾರಿದ್ರೆ ಸಾಯುದಿಲ್ಲ, ಸುಮ್ನಿರಿ" ಎಂದು ಗದರಿದೆ.

ಮರುದಿನ ಬೆಳಿಗ್ಗೆ ಹೋಗಿಬಿಟ್ಟರು.

ಸೂತಕ ಕಳೆಯುವಷ್ಟರಲ್ಲಿ ಮರ ಬೋಳಾಗಿತ್ತು. ಅದರ ಬುಡಕ್ಕೆ ಕೊಡಗಟ್ಟಲೆ ನೀರು ಸುರಿದೆ. ದರಿದ್ರ ಮರ, ಆ ವರ್ಷವೂ ಮೈತುಂಬ ಹೂ ಬಿಟ್ಟಿತು.